ನಾಲ್ಕು ಮುದಿ ಕಂಪ್ಯೂಟರು, ಒಂದು ಹಾಸಿಗೆ, ಮತ್ತೆ ಥ್ಯಾಂಕ್ಸ್ ಹೇಳ್ಲೇಬೇಕಾದ ಜನ

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಚಿತ್ರದ ಕೊನೇ ಸಾಲು ಬಂತು. ನಾಲ್ಕು ಹಳೇ ಮಷೀನು ಸೇರ್ಕೊಂಡು, ಗಣಿತ ಸೂತ್ರದಿಂದ ಚುಕ್ಕೆ ಚುಕ್ಕೆ ಲೆಕ್ಕ ಹಾಕಿ ಬಿಡಿಸೋ ಒಂದು ಮ್ಯಾಂಡೆಲ್‌ಬ್ರಾಟ್ ಚಿತ್ರ ಮುಗಿಸಿದ್ವು. ಬೆನ್ನಿನ ಆಪರೇಷನ್ ಆಗಿ ಮೂರು ತಿಂಗಳಿಂದ ಮಲಗಿದಲ್ಲೇ ಮಲಗಿರೋ ನಾನು ಅಷ್ಟು ದಿನದಲ್ಲಿ ಒಂದ್ಸಲಾನೂ ಅವುಗಳ ಹತ್ರ ಹೋಗಿಲ್ಲ, ಒಂದು ಕೀ ಒತ್ತಿಲ್ಲ. ಎಲ್ಲಾ ನಾನೊಬ್ನೇ ಲ್ಯಾಪ್‌ಟಾಪಲ್ಲಿ ಮಾಡಿದ್ದು ಅಂತ ಒಂದಿಬ್ರು ಹೊಗಳಿದ್ರು, ಕೇಳಿ ನಾಚಿಕೆ ಆಯ್ತು, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಇರೋದು ಒಂದು ಆಪಲ್ ಟೂ ಇ, ಒಂದು ಕಮೋಡೋರ್ 64, ಒಂದು ಬಿಬಿಸಿ ಮೈಕ್ರೋ, ಒಂದು ಐಬಿಎಂ ಪಿಸಿ 5150. ಎಲ್ಲಾ 1981ರಿಂದ 1983ರೊಳಗೆ ಬಂದ ಮಾಡೆಲ್ಲುಗಳು, ಈಗ ಫ್ರೆಂಡ್ ಮನೆ ಮಹಡಿ ರೂಮಲ್ಲಿವೆ. ಇವನ್ನ ನೇರವಾಗಿ ಇಂಟರ್ನೆಟ್ಟಿಗೆ ಹಾಕೋ ಮಾತೇ ಇಲ್ಲ, ಒಂದು ಮೆಗಾಹರ್ಟ್ಸ್ ಪ್ರೊಸೆಸರಿಗೆ ಇವತ್ತಿನ ಎನ್‌ಕ್ರಿಪ್ಷನ್ ಲೆಕ್ಕ ಮಾಡು ಅಂದ್ರೆ ಅದು ನಾಳೆ ಉತ್ರ ಕೊಡುತ್ತೆ. ಅದಕ್ಕೆ ಮಧ್ಯದಲ್ಲಿ ಒಂದು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಕೂರಿಸಿದ್ವಿ. ನಾನು ವಿಪಿಎನ್ (ಇಂಟರ್ನೆಟ್ಟಲ್ಲೇ ಹಾಕ್ಕೊಂಡ ಖಾಸಗಿ ದಾರಿ) ಮೂಲಕ ಪೈಗೆ ಎಸ್‌ಎಸ್‌ಎಚ್ ಮಾಡೋದು, ಅಂದ್ರೆ ದೂರದಿಂದ್ಲೇ ಲಾಗಿನ್ ಆಗೋದು, ಅಲ್ಲಿಂದ ಒಂದೊಂದು ಮಷೀನಿಗೂ ಡೇಟಾನ ಒಂದರ ಹಿಂದೊಂದು ಸಾಗಿಸೋ ಸೀರಿಯಲ್ ಕೇಬಲ್ಲು. ಹೇಳೋಕೆ ಎರಡು ಸಾಲು ಅಷ್ಟೆ.

ಕೇಬಲ್ಲುಗಳನ್ನೆಲ್ಲ ಬೆಸುಗೆ ಹಾಕಿಕೊಟ್ಟ ಅಕ್ಕಂಗೆ ಮೊದಲ ನಮಸ್ಕಾರ. ಪಿಸಿಯ ಸೀರಿಯಲ್ ಪೋರ್ಟು ಪ್ಲಸ್ಸು ಮೈನಸ್ಸು ಹನ್ನೆರಡು ವೋಲ್ಟ್ ಹತ್ರ ಓಡಾಡುತ್ತೆ, ಪೈ ಪಿನ್ನು ತಡ್ಕೊಳ್ಳೋದು 3.3 ವೋಲ್ಟು. ನಾನು ನೋವಿನ ಮಾತ್ರೆ ಮತ್ತಲ್ಲಿ ಫೋನ್ ಮಾಡಿ "ಮೂರೇ ವೈರ್ ತಾನೆ ಅಕ್ಕಾ, ಹಾಕ್ಬಿಡಿ" ಅಂದಿದ್ದೆ. "ಸುಮ್ನೆ ಮಲ್ಕೋ" ಅಂತ ಬೈದು, ಮಧ್ಯ ಒಂದು ಮ್ಯಾಕ್ಸ್3232 ಬೋರ್ಡ್ (ವೋಲ್ಟೇಜ್ ಹೊಂದಿಸೋದು) ಹಾಕಿ ಪೈ ಜೀವ ಉಳಿಸಿದ್ರು.

ಪಿಸಿ ಮತ್ತೆ ಆಪಲ್ ತಕರಾರು ಮಾಡ್ಲಿಲ್ಲ. ಪಿಸಿನ ನಡೆಸೋ ಡಾಸಲ್ಲಿ ಸಿಟಿಟಿವೈ ಕಾಮ್1 ಅಂದ್ರೆ ಆಜ್ಞೆ ಕೇಳೋ ಪ್ರಾಂಪ್ಟೇ ಕೇಬಲ್ ಮೇಲೆ ಬಂದು ನಿಲ್ಲುತ್ತೆ. ಆಪಲ್ಲಲ್ಲಿ ಎರಡನೇ ಸ್ಲಾಟಿಗೆ ಸೂಪರ್ ಸೀರಿಯಲ್ ಕಾರ್ಡ್ ಹಾಕಿ ಐಎನ್#2, ಪಿಆರ್#2 ಅಂದ್ರೆ ಮುಗೀತು, ಕೀಬೋರ್ಡೂ ಸ್ಕ್ರೀನೂ ಎರಡೂ ನನ್ನ ಕಡೆ. ಕೇಬಲ್ಲಿನ ವೇಗ 9600 ಬಾಡಲ್ಲಿ ಸೆಕೆಂಡಿಗೆ 960 ಅಕ್ಷರ, ಆಪಲ್ಲಿನ ನಲವತ್ತು ಕಾಲಮ್ ಸ್ಕ್ರೀನ್ ಪೂರ್ತಿ ಅಂದ್ರೂ ಅಷ್ಟೇ ಅಕ್ಷರ, ಕಣ್ಣು ಮಿಟುಕಿಸೋದ್ರಲ್ಲಿ ತುಂಬುತ್ತೆ. ಬಿಬಿಸಿ ಮಾತ್ರ ಎರಡು ಸಂಜೆ ಬಾಯೇ ಬಿಡ್ಲಿಲ್ಲ, ಕೊನೆಗೆ ನೋಡಿದ್ರೆ ಆ ಐದು ಪಿನ್ನಿನ ಪ್ಲಗ್ಗು ತಲೆಕೆಳಗಾಗೂ ಕೂರುತ್ತೆ, ನಾನೇ ಕ್ಯಾಮೆರಾ ನೋಡ್ಕೊಂಡು ಉಲ್ಟಾ ಹಾಕಿಸಿದ್ದೆ. ಅಕ್ಕ ಏನೂ ಅನ್ಲಿಲ್ಲ, ಅದೇ ಜಾಸ್ತಿ ಚುಚ್ಚಿದ್ದು.

ಕಮೋಡೋರಿನ ಕೀಗಳನ್ನ ಪೈ ಕೈಲಿ ಒತ್ತಿಸೋ ಕೆಲಸ ನಮ್ಮ ಗ್ರೂಪಲ್ಲಿ ಎಲ್ರಿಗಿಂತ ಚಿಕ್ಕವನದ್ದು, ಇನ್ನೂ ಕಾಲೇಜಲ್ಲಿದಾನೆ. ಅದ್ರ ಕೀಬೋರ್ಡು ಎಂಟು ಅಡ್ಡ ಎಂಟು ಉದ್ದದ ಮ್ಯಾಟ್ರಿಕ್ಸು, ಅಂದ್ರೆ ತಂತಿಗಳ ಬಲೆ. ಎಂಟಿ8808 ಅಂತ ಒಂದು ಚಿಪ್ ಇದೆ, ಅದ್ರೊಳಗೂ ಎಂಟೆಂಟ್ಲ ಅರವತ್ನಾಲ್ಕು ಸ್ವಿಚ್ಚು, ಹೇಳಿ ಮಾಡಿಸಿದ ಹಾಗೆ. ಪೈ ಹೇಳಿದ ಸ್ವಿಚ್ಚು ಮುಚ್ಕೊಂಡ್ರೆ ಕೀ ಒತ್ತಿದ್ದು ಅಂತ್ಲೇ ಮಷೀನು ನಂಬುತ್ತೆ. ಎಲ್ಲಾ ಕೆಲ್ಸ ಮಾಡ್ತು, ರಿಸ್ಟೋರ್ ಕೀ ಒಂದು ಬಿಟ್ಟು. ಆಮೇಲೆ ಅವ್ನೇ ರಾತ್ರಿ ಕೂತು ಸರ್ಕ್ಯೂಟ್ ಚಿತ್ರ ಬಿಡಿಸಿ ನೋಡಿದಾಗ ಗೊತ್ತಾಯ್ತು, ರಿಸ್ಟೋರ್ ಮ್ಯಾಟ್ರಿಕ್ಸಲ್ಲಿ ಇಲ್ವೇ ಇಲ್ಲ, ಸಪರೇಟ್ ತಂತೀಲಿ ಪ್ರೊಸೆಸರ್ ಕೆಲಸ ತಡೆದು ಕರೆಯೋ ಇಂಟರಪ್ಟಿಗೇ ಹೋಗುತ್ತೆ. ಅದಕ್ಕೊಂದು ಟ್ರಾನ್ಸಿಸ್ಟರ್ ಬೇರೆ ಹಾಕ್ದ. ತಮ್ಮಾ, ನಿನ್ನಷ್ಟು ವಯಸ್ಸಲ್ಲಿ ನಂಗೆ ರೆಸಿಸ್ಟರ್ ಬಣ್ಣ ಓದೋಕೂ ಬರ್ತಿರ್ಲಿಲ್ಲ.

ಚಿತ್ರದ ಸಾಲುಗಳನ್ನ ಸಮ ಹಂಚ್ಲಿಲ್ಲ, ಯಾರ ಕೈ ಖಾಲಿ ಆಗುತ್ತೋ ಅವ್ರಿಗೆ ಮುಂದಿನ ಸಾಲು. ಬಿಬಿಸಿ ಎರಡು ಮೆಗಾಹರ್ಟ್ಸಿಂದು, ಪ್ರೋಗ್ರಾಂ ಬರೆಯೋಕೆ ಅದ್ರಲ್ಲಿರೋ ಬೇಸಿಕ್ ಭಾಷೆನೂ ಚುರುಕು, ಸಿಂಹಪಾಲು ಅದೇ ಎಳೀತು. ಪಿಸಿಯ ಸಾಲುಗಳಲ್ಲಿ ಮಾತ್ರ ಅಂಚಿನ ಚುಕ್ಕೆಗಳು ಅಕ್ಕಪಕ್ಕದ ಸಾಲಿಗೆ ಹೊಂದ್ತಾನೇ ಇರ್ಲಿಲ್ಲ. ಎರಡು ದಿನ ಕೇಬಲ್ಲನ್ನ ಶಪಿಸಿದ್ವಿ. ಗಣಿತ ಮೇಷ್ಟ್ರೊಬ್ರು ಇದಾರೆ, ಮಾತು ಕಮ್ಮಿ, ಅವ್ರು ಒಂದೇ ಮಾತಲ್ಲಿ ಹಿಡಿದ್ರು: ಬೇರೆ ಮೂರೂ ದಶಾಂಶ ಸಂಖ್ಯೆನ ಐದು ಬೈಟಲ್ಲಿ ಇಡ್ತಾವೆ, ಪಿಸಿಯ ಜಿಡಬ್ಲ್ಯೂ ಬೇಸಿಕ್ಕಲ್ಲಿ ನಾವು ಸುಮ್ನೆ ಬರೆದ್ರೆ ನಾಲ್ಕೇ ಬೈಟು, ಇಷ್ಟು ಝೂಮ್ ಮಾಡಿದ್ಮೇಲೆ ಅದು ಸಾಲಲ್ಲ. ಡಬಲ್ ಪ್ರಿಸಿಷನ್ (ಸಂಖ್ಯೆಗೆ ಎರಡರಷ್ಟು ಜಾಗ) ಮಾಡಿದ್ವಿ, ಪಿಸಿ ಆಮೆ ಆಯ್ತು, ಚಿತ್ರ ಸರಿ ಆಯ್ತು.

ಇನ್ನು ಹೊಗೆ ಎದ್ದ ದಿನದ ವಿಷ್ಯ. ಒಂದು ಮಷೀನಿನ ಪವರ್ ಸಪ್ಲೈ ಒಳಗಿದ್ದ ಹಳೇ ಪೇಪರ್ ಕೆಪಾಸಿಟರ್ ಒಡೀತು. ಅದು ಕೂರೋದು ಮೇನ್ಸ್ ಲೈನಿಗೆ ಅಡ್ಡವಾಗಿ, ಕರೆಂಟಲ್ಲಿ ಬರೋ ನಾಯ್ಸ್ ತಡೆಯೋಕೆ, ಹಾಗಾಗಿ ಅದು ಹೊಗೆ ಉಗುಳ್ತಿದ್ರೂ ಮಷೀನ್ ಪಾಡಿಗೆ ಮಷೀನ್ ಓಡ್ತಾನೇ ಇತ್ತು. ನನ್ನ ಲ್ಯಾಪ್‌ಟಾಪಲ್ಲಿ ಎಲ್ಲಾ ಸರಿ, ಸಾಲುಗಳು ಬರ್ತಿವೆ, ವೀಡಿಯೋ ಕ್ಯಾಪ್ಚರಲ್ಲಿ ಸ್ಕ್ರೀನ್ ಕ್ಲಿಯರ್ ಆಗಿದೆ, ನಾನು ಖುಷಿಯಾಗಿ ಕಾಫಿ ಕುಡೀತಿದೀನಿ. ಕೆಳಗಡೆ ಮನೇಲಿದ್ದ ಫ್ರೆಂಡ್ ಅಮ್ಮಂಗೆ ಮೂಗಿಗೆ ವಾಸ್ನೆ ಬಡೀತು. ಮೊಣಕಾಲು ನೋವು ಅವ್ರಿಗೆ, ಆದ್ರೂ ಮಹಡಿ ಹತ್ತಿ, ಯಾವ್ದು ಏನು ಅಂತ ಕೇಳ್ದೆ, ಬಾಗ್ಲ ಹತ್ರದ ಮೇನ್ ಸ್ವಿಚ್ ಇಳಿಸಿದ್ರು. ನಾನು ಲೈನ್ ಕಟ್ಟಾಯ್ತಲ್ಲ ಅಂತ ಫ್ರೆಂಡಿಗೆ ಫೋನ್ ಮಾಡಿ ರೇಗಾಡಿದೀನಿ, ಅದನ್ನ ಇಲ್ಲಿ ಎಲ್ರ ಮುಂದೆ ಒಪ್ಕೋತೀನಿ. ಕ್ಷಮಿಸಿ ಅಮ್ಮ.

ಆಮೇಲೆ ಸಪ್ಲೈ ಬಿಚ್ಚಿ ಹಳೇ ಕೆಪಾಸಿಟರ್ ಕಿತ್ತು ಹೊಸದು ಹಾಕಿದ್ರು, ಪೈ ಸತ್ರೆ ತಾನಾಗೇ ಕರೆಂಟ್ ಕಟ್ ಆಗೋ ಹಾಗೆ ರಿಲೇ (ಪೈ ಹೇಳಿದ ಹಾಗೆ ಕರೆಂಟ್ ಆನ್ ಆಫ್ ಮಾಡೋ ಸ್ವಿಚ್ಚು) ಬದಲಾಯಿಸಿದ್ರು, ಸ್ಮೋಕ್ ಅಲಾರಂ ಬಂತು. ಅಮ್ಮ ಒಂದೇ ರೂಲ್ ಹಾಕಿದ್ರು: ಶುರು ಮಾಡೋ ಮುಂಚೆ ಅವ್ರಿಗೆ ಫೋನು, ಮುಗಿದ್ಮೇಲೆ ಅವ್ರಿಗೆ ಫೋನು, ಅವ್ರು ಮನೇಲಿಲ್ಲ ಅಂದ್ರೆ ಮಷೀನಿಲ್ಲ.

ನಿನ್ನೆ ಅಷ್ಟೊತ್ತಲ್ಲಿ ಫೋನ್ ಮಾಡೋಕೆ ಹಿಂಜರಿಕೆ ಆಗ್ತಿತ್ತು. ಮೊದಲ್ನೇ ರಿಂಗಿಗೇ ಎತ್ತಿದ್ರು, ನಿದ್ದೆಗೆಟ್ಟು ಕಾಯ್ತಾ ಕೂತಿದ್ರಂತೆ. "ಆಯ್ತೇನಪ್ಪಾ ನಿಂದು?" ಅಂದ್ರು. ಆಯ್ತಮ್ಮ ಅಂದೆ. ಮೆಟ್ಲು ಹತ್ತೋ ಸದ್ದು ಫೋನಲ್ಲೇ ಕೇಳಿಸ್ತು, ಆಮೇಲೆ ನನ್ನ ಲ್ಯಾಪ್‌ಟಾಪಲ್ಲಿದ್ದ ನಾಲ್ಕು ಕಿಟಕಿನೂ ಒಟ್ಟಿಗೇ ಕಪ್ಪಾದ್ವು.