ಸಂಜೆ ಮುಕ್ಕಾಲು ಗಂಟೆ ಮಕ್ಕಳನ್ನು ನಮಗೆ ಬಿಡಿ

ಪೋಷಕರೇ, ನಮಸ್ಕಾರ.

ಮುಂದಿನ ತಿಂಗಳ ಮೂರನೇ ಶನಿವಾರ ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ನಮ್ಮ ಮಕ್ಕಳ ಸಂಗೀತ ಕಾರ್ಯಕ್ರಮ ಇದೆ. ಬ್ಯಾಂಡ್, ಸಮೂಹ ಗಾಯನ, ಡೊಳ್ಳು-ತಮಟೆ ತಂಡ, ಮೂರೂ ಸೇರಿ 64 ಮಕ್ಕಳು. ಇದರ ಚೀಟಿ ಆಗಲೇ ನಿಮ್ಮ ಮನೆಗೆ ಬಂದಿದೆ. ಆದರೂ ಮತ್ತೆ ಬರೆಯುತ್ತಿದ್ದೇನೆ, ಯಾಕೆಂದರೆ ಕಳೆದ ವಾರ ಒಂದು ದಿನವೂ ಪ್ರಾಕ್ಟೀಸಿಗೆ 64 ಮಕ್ಕಳು ಒಟ್ಟಿಗೆ ನಿಂತಿಲ್ಲ. ಒಬ್ಬನಿಗೆ ಟ್ಯೂಷನ್, ಇನ್ನೊಬ್ಬಳಿಗೆ ಅತ್ತೆ ಮನೆಯ ಗೃಹಪ್ರವೇಶ, ತುರುವನೂರು ಕಡೆಯವರಿಗೆ ಬಸ್ಸು.

ಪಾಠ ತಪ್ಪಿದರೆ ಪಕ್ಕದವರ ನೋಟ್ಸ್ ನೋಡಿ ಬರೆದುಕೊಳ್ಳಬಹುದು. ಪ್ರಾಕ್ಟೀಸ್ ಹಾಗಲ್ಲ.

ಹೋದ ವರ್ಷ ಏನಾಯ್ತು ಹೇಳುತ್ತೇನೆ. ದೊಡ್ಡ ಡ್ರಮ್ ಬಾರಿಸುವ ಹುಡುಗ ಮದುವೆಗೆ ಅಂತ ಕೊನೆಯ ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನದಲ್ಲಿ ಹಾಡು ಓಡುತ್ತಿದೆ ಅಂತ ಮೇಷ್ಟ್ರು ಸ್ವಲ್ಪ ನಿಧಾನ ಮಾಡಿದ್ದರು. ಅವನಿಗೆ ಅದು ಗೊತ್ತಿಲ್ಲ. ವೇದಿಕೆಯ ಮೇಲೆ ಅವನು ಹಳೆಯ ವೇಗದಲ್ಲೇ ಬಾರಿಸಿದ, ದೊಡ್ಡ ಡ್ರಮ್ ಎಲ್ಲಿ ಹೋದರೆ ಉಳಿದವರೂ ಅಲ್ಲಿಗೇ ಹೋಗಬೇಕಲ್ವಾ, ಹಾಡುವ ಮಕ್ಕಳಿಗೆ ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದೆ ಕೊನೆಯ ಚರಣ ಅರ್ಧಕ್ಕೇ ಕುಸಿಯಿತು. ಕೆಳಗಿಳಿದು ಬಂದವನು ಗೋಡೆ ಕಡೆ ತಿರುಗಿ ಅತ್ತ. ಅವನ ತಪ್ಪು ಒಂದಿಷ್ಟೂ ಇರಲಿಲ್ಲ.

ಇನ್ನೊಂದು, ಮೊನ್ನೆ ನಾನೇ ನೋಡಿದ್ದು. ಎಂಟನೇ ಕ್ಲಾಸಿನ ಒಬ್ಬಳು ಟ್ರಯಾಂಗಲ್, ಅಂದರೆ ಕಡ್ಡಿಯಿಂದ ಬಡಿಯುವ ಮುಕ್ಕೋನದ ಸಣ್ಣ ಲೋಹದ ವಾದ್ಯ, ಹಿಡಿದು ನಿಲ್ಲುತ್ತಾಳೆ. ಒಂದು ಹಾಡಿನಲ್ಲಿ ಅವಳು ಆದಿತಾಳದ ನಾಲ್ಕು ಆವರ್ತ, ಅಂದರೆ 32 ಎಣಿಕೆ, ಸುಮ್ನೆ ನಿಂತು, ಐದನೇ ಆವರ್ತದ ಮೊದಲ ಏಟಿಗೆ ಒಂದೇ ಒಂದು ಸಲ ಬಾರಿಸಬೇಕು. ಎರಡು ಕೈಯಲ್ಲೂ ಸಾಮಾನು, ಬೆರಳು ಎಣಿಸುವ ಹಾಗಿಲ್ಲ. ಬರಿಗಾಲಲ್ಲಿ ನಿಂತಿದ್ದಳು. ಎಡಗಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು, ಒಂದೂ ತಪ್ಪದೆ. ಸರಿಯಾದ ಜಾಗಕ್ಕೆ ಟಿಣ್ ಅಂತ ಬಿತ್ತು. "ನಮ್ಮ ಮಗಳಿಗೆ ದೊಡ್ಡ ವಾದ್ಯ ಕೊಡಿ" ಅಂತ ಅವಳ ಅಮ್ಮ ನನ್ನ ಹತ್ತಿರ ಕೇಳಿದ್ದರು. ಅಮ್ಮಾ, ನೀವು ಒಂದು ಸಂಜೆ ಬಂದು ಆ ಬೆರಳನ್ನು ನೋಡಿ.

ಕಾರ್ಯಕ್ರಮ ಶುರುವಾಗುವುದು ನಾಡಗೀತೆಯಿಂದ. ಕುವೆಂಪು ಅವರ ಈ ಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ 2022ರಲ್ಲಿ ಸರ್ಕಾರದ ಆದೇಶವಾಗಿದೆ. ಗಡಿಯಾರ ಹಿಡಿದು ನೋಡಿದರೆ ನಮ್ಮ ಮಕ್ಕಳು 2 ನಿಮಿಷ 12 ಸೆಕೆಂಡಿಗೇ ಮುಗಿಸುತ್ತಿದ್ದಾರೆ. ಮಕ್ಕಳು ಗುಂಪಿನಲ್ಲಿ ಹಾಡಿದಾಗ ಉಮೇದಿಗೆ ಓಡುತ್ತಾರೆ. ಆ 18 ಸೆಕೆಂಡನ್ನು ವಾಪಸ್ ತರುವುದೇ ಈ ವಾರದ ಕೆಲಸ.

ಪ್ರಾಕ್ಟೀಸ್ ಮಾಡುವ ಮೈದಾನದಲ್ಲಿ ಇನ್ನೊಂದು ತೊಂದರೆ. ಹಾರ್ಮೋನಿಯಂ ಮುಂದೆ, ಡೊಳ್ಳು ಹಿಂದೆ, ನಡುವೆ ಸುಮಾರು 30 ಮೀಟರ್. ಶಬ್ದ ಒಂದು ಸೆಕೆಂಡಿಗೆ 340 ಮೀಟರಿನಷ್ಟು ಹೋಗುತ್ತದೆ, ಹಾಗಾಗಿ ಹಿಂದಿನವರಿಗೆ ಹಾಡು ಕೇಳಿಸುವುದೇ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ. ಕಿವಿ ನಂಬಿ ಬಾರಿಸಿದರೆ ತಾಳ ಜಾರುತ್ತದೆ. ಅದಕ್ಕೇ ಮೇಷ್ಟ್ರ ಕೈ ನೋಡಿ ಅಂತ ಗದರುತ್ತೇವೆ. ನಾನು ವಿಜ್ಞಾನ ಪಾಠ ಮಾಡುವವಳು, ಶಬ್ದದ ವೇಗವನ್ನು ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಡೊಳ್ಳಿನ ಹುಡುಗರಿಗೆ ಅದು ಈಗ ಕೈಯಲ್ಲೇ ಗೊತ್ತಾಗಿದೆ.

ತಮಟೆಯ ಬಗ್ಗೆ ನೇರವಾಗಿ ಒಂದು ಮಾತು. "ನಮ್ಮ ಹುಡುಗನ ಕೈಗೆ ತಮಟೆ ಯಾಕೆ ಕೊಟ್ಟಿರಿ, ಕೀಬೋರ್ಡ್ ಕೊಡಿ" ಅಂತ ಇಬ್ಬರು ಕೇಳಿದ್ದಾರೆ. ಯಾವ ವಾದ್ಯವೂ ಯಾವ ಮನೆಯದೂ ಅಲ್ಲ. ನಮ್ಮ ಶಾಲೆಯಲ್ಲಿ ಯಾರ ಕೈಯಲ್ಲಿ ತಾಳ ನಿಲ್ಲುತ್ತದೋ ಅವರಿಗೆ ತಮಟೆ. ಎರಡು ಕಡ್ಡಿ ಬೇರೆ ಬೇರೆ ಲೆಕ್ಕದಲ್ಲಿ ಆಡಬೇಕು, ಎಲ್ಲರಿಗೂ ಬರುವಂಥದ್ದಲ್ಲ. ಇದನ್ನು ನಾನು ಬದಲಾಯಿಸುವುದಿಲ್ಲ. ಸಂಜೆ ಶಾಲೆಯ ಹಿಂದೆ ಹೊಗೆ ಕಂಡರೆ ಗಾಬರಿಯಾಗಬೇಡಿ, ತಮಟೆಯ ಚರ್ಮ ಬಿಗಿಯಾಗಲಿ ಅಂತ ಹುಲ್ಲಿನ ಉರಿಗೆ ಕಾಯಿಸುತ್ತಿರುತ್ತೇವೆ. ಒಬ್ಬರು ಮೇಷ್ಟ್ರು ಅಲ್ಲೇ ಇರುತ್ತಾರೆ.

ಒಂಬತ್ತನೇ ಕ್ಲಾಸಿನ ಹುಡುಗರ ದನಿ ಈಗ ಒಡೆಯುತ್ತಿದೆ. ಹಿಂದಿನ ಸಾಲಿನ ಒಬ್ಬ ಬರೀ ತುಟಿ ಆಡಿಸುತ್ತಿದ್ದ. ಕರೆದು ಕೇಳಿದರೆ, ಮನೆಯಲ್ಲಿ ಎಲ್ಲರೂ ಕಪ್ಪೆ ಅಂತ ನಗ್ತಾರೆ ಮಿಸ್ ಅಂದ. ದಯವಿಟ್ಟು ನಗಬೇಡಿ. ಗಂಟಲು ಬೆಳೆಯುವ ವಯಸ್ಸು ಅದು, ಕೆಲವು ತಿಂಗಳಲ್ಲಿ ದನಿ ತಾನಾಗಿ ಕೂರುತ್ತದೆ. ಅಲ್ಲಿಯವರೆಗೆ ಅವನು ಕೆಳಗಿನ ಸ್ವರದಲ್ಲಿ ಹಾಡುತ್ತಾನೆ. ಕಿರುಚಿ ಮೇಲೆ ಹೋಗುವಂತೆ ಮನೆಯಲ್ಲೂ ಒತ್ತಾಯ ಮಾಡಬೇಡಿ.

ಹತ್ತನೇ ಕ್ಲಾಸಿನ ಪೋಷಕರ ಚಿಂತೆ ನನಗೂ ಇದೆ. ಪ್ರಾಕ್ಟೀಸ್ 4:30ರಿಂದ 5:15ರವರೆಗೆ, ಅದಕ್ಕಿಂತ ಐದು ನಿಮಿಷವೂ ಜಾಸ್ತಿ ಇಟ್ಟುಕೊಳ್ಳುವುದಿಲ್ಲ. ಟ್ಯೂಷನ್ನಿನವರಿಗೆ ಈ ಮೂರು ವಾರ 5:30ಕ್ಕೆ ಬರುತ್ತಾರೆ ಅಂತ ಹೇಳಿ. ತುರುವನೂರು ಬಸ್ಸಿನ ಮಕ್ಕಳಿಗಾಗಿ ಎಲ್ಲರೂ ಸೇರುವ ಹಾಡುಗಳನ್ನು ಮೊದಲೇ ಮುಗಿಸಿ 5 ಗಂಟೆಗೆ ಅವರನ್ನು ಬಿಡುತ್ತೇವೆ. ಇನ್ನೂ ತೊಂದರೆ ಇದ್ದರೆ ಬಂದು ಹೇಳಿ, ದಾರಿ ಹುಡುಕೋಣ. ಹೇಳದೆ ಮಗುವನ್ನು ಕರೆದುಕೊಂಡು ಹೋಗಬೇಡಿ.

ಮಕ್ಕಳು ಮನೆಯಲ್ಲಿ ದಿಂಬಿನ ಮೇಲೆ ಕಡ್ಡಿ ಬಾರಿಸಿದರೆ ಬಾರಿಸಲಿ, ಅರ್ಧ ಗಂಟೆ ತಡೆದುಕೊಳ್ಳಿ. ಕರೆದುಕೊಂಡು ಹೋಗಲು ಬರುವಾಗ ಮಂಡಕ್ಕಿ-ಮಿರ್ಚಿ ತರುವವರು ಪ್ರಾಕ್ಟೀಸ್ ಮುಗಿದ ಮೇಲೆ ಕೊಡಿ. ಮೆಲೋಡಿಕಾ ಊದುವವರ ಬಾಯಲ್ಲಿ ಮಂಡಕ್ಕಿ ಚೂರು ಇದ್ದರೆ ಒಳಗೆ ಹೋಗಿ ಸ್ವರ ಹುಟ್ಟಿಸುವ ಲೋಹದ ಪತ್ತಿಗೆ (ರೀಡ್) ಅಂಟಿಕೊಂಡು ಸ್ವರವೇ ಕಟ್ಟುತ್ತದೆ. ಎರಡು ಹಾಗೇ ರಿಪೇರಿಗೆ ಹೋಗಿವೆ.

ಕಾರ್ಯಕ್ರಮದ ದಿನ 5 ಗಂಟೆಗೆ ಬನ್ನಿ. ನಿಮ್ಮ ಮಗುವಿನ ಹಾಡು ಆಯ್ತು ಅಂತ ಎದ್ದು ಹೋಗಬೇಡಿ, ಡೊಳ್ಳು-ತಮಟೆ ಕೊನೆಗಿದೆ, ಖಾಲಿ ಕುರ್ಚಿಗಳ ಮುಂದೆ ಆ ಮಕ್ಕಳು ಬಾರಿಸುವಂತೆ ಆಗಬಾರದು. ಬಟ್ಟೆ ಹೊಸದು ಬೇಡ. ಶಾಲೆಯ ಬಿಳಿ ಅಂಗಿಯನ್ನೇ ಒಗೆದು ಇಸ್ತ್ರಿ ಮಾಡಿ ಕಳಿಸಿ, ಗುಂಡಿ ಇಲ್ಲದಿದ್ದರೆ ಹೊಲಿದು ಕೊಡಿ.

ಸೋಮವಾರ 4:30ಕ್ಕೆ 64 ಮಕ್ಕಳನ್ನೂ ಎದುರು ನೋಡುತ್ತಿರುತ್ತೇನೆ.

ನಿಮ್ಮ,
ಮುಖ್ಯ ಶಿಕ್ಷಕಿ