ಆ 117ರಲ್ಲಿ ಇಲ್ಲದ ಹುಡುಗ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸಂಶೋಧನಾ ಲೇಖನವನ್ನು ಪೆರ್ಲ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಐದೇ ಪುಟ. ಓದಲಿಕ್ಕೆ ನನಗೆ ಮೂರು ದಿನ ಬೇಕಾಯಿತು. ಅರ್ಥವಾಗದ ಕಡೆಯೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಬಂದಾಗ ಹೇಳಿಕೊಡು.

"ನಮ್ಮೂರಿನ ಮೇಲೆ ಬಂದ ಪೇಪರ್ ಅಮ್ಮಾ, ಕ್ಲಾಸಿನಲ್ಲಿ ಇದರ ತಪ್ಪು ಒಪ್ಪು ಹೇಳಬೇಕು, ಆದರೆ ಸ್ಯಾಂಪಲ್ ತುಂಬ ಸಣ್ಣದು, ಪರೀಕ್ಷೆ ಮಾಡಿದವರ ಸಂಖ್ಯೆ ಸಾಲದು" ಅಂದೆಯಲ್ಲ. ಆ ಮಾತು ಮನಸ್ಸಿನಲ್ಲೇ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೆಲಿಕಾಪ್ಟರ್ ಬಂದರೆ ನಾವು ಅಂಗಳಕ್ಕೆ ಓಡುತ್ತಿದ್ದೆವು. ಕೈ ಬೀಸುತ್ತಿದ್ದೆವು. ಗೇರು ಗುಡ್ಡೆಯ ಮೇಲೆ ಬಿಳಿ ಹೊಗೆಯ ಹಾಗೆ ಎಂಡೋಸಲ್ಫಾನ್ ಕೀಟನಾಶಕ ಇಳಿಯುತ್ತಿತ್ತು. ಅಜ್ಜಿ ಬಾವಿಗೆ ಅಡಿಕೆ ಸೋಗೆ ಮುಚ್ಚುತ್ತಿದ್ದರು. ಸೋಗೆಯಿಂದ ಏನು ತಡೆಯುತ್ತದೆ ಹೇಳು? ಮಾರನೆ ದಿನ ಜೇನು ಪೆಟ್ಟಿಗೆಯ ಮುಂದೆ ನೊಣಗಳು ಸತ್ತು ಬಿದ್ದಿರುತ್ತಿದ್ದವು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೀಗೇ ನಡೆಯಿತು.

ಕೊನೆಗೆ 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಪಡ್ರೆ ಊರಿಗೆ ಬಂದರು. ಅವರು ಬರೆದದ್ದೇ ಈ ಪೇಪರ್, 2003ರಲ್ಲಿ ಅಚ್ಚಾದದ್ದು. ನಮ್ಮ ಕಡೆಯ 117 ಹುಡುಗರು, ಸಿಂಪಡಣೆ ಇಲ್ಲದ ಊರಿನ 90 ಹುಡುಗರು. ಎಲ್ಲ 10ರಿಂದ 19 ವರ್ಷದವರು. ನಮ್ಮ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಜಾಸ್ತಿ ಇತ್ತು. ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಗಂಡು ಹಾರ್ಮೋನು ಟೆಸ್ಟೋಸ್ಟಿರೋನ್ ಕಡಿಮೆ, ಅದನ್ನು ತಯಾರಿಸು ಅಂತ ಮೆದುಳಿನ ಕಡೆಯಿಂದ ಬರುವ ಎಲ್‌ಎಚ್ ಹಾರ್ಮೋನು ಜಾಸ್ತಿ. ಇದನ್ನು ನೀನು ಫೋನಿನಲ್ಲಿ ಚೆಂದ ಮಾಡಿ ಹೇಳಿದೆ. ಮೆದುಳಿನ ಅಡಿಯ ಗ್ರಂಥಿ ಕೆಲಸ ಮಾಡು, ಕೆಲಸ ಮಾಡು ಅಂತ ಕರೆಯುತ್ತಲೇ ಇದೆ, ಕೆಳಗಿನಿಂದ ಉತ್ತರ ಬರುತ್ತಿಲ್ಲ ಅಂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ಯಾಂಪಲ್ ಸಣ್ಣದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಅದು ದೊಡ್ಡ ಗುಣ ಅಂತ ನನಗನ್ನಿಸಿತು. ಅದರ ಪಕ್ಕದಲ್ಲೇ ಇನ್ನೊಂದು ಕೊರತೆಯನ್ನೂ ಹೇಳಿದ್ದಾರೆ. ಕೆಲವರು ಪರೀಕ್ಷೆಗೆ ಬರಲಿಲ್ಲ ಅಂತ. ಇಂಗ್ಲಿಷಿನಲ್ಲಿ ಅದು ಒಂದೇ ಒಂದು ಶಬ್ದ. ನಾನು ಅಲ್ಲೇ ನಿಂತುಬಿಟ್ಟೆ ಮಗಳೇ.

ಯಾಕೆಂದರೆ ಹಾಗೆ ಬಾರದೇ ಉಳಿದ ಒಬ್ಬ ಹುಡುಗ ನಿನ್ನ ಸಣ್ಣ ಮಾವ.

ಆಗ ಅವನು ಹತ್ತನೇ ಕ್ಲಾಸು. ಬಟ್ಟೆ ಬಿಚ್ಚಿಸಿ ನೋಡುತ್ತಾರಂತೆ ಅಂತ ಊರಲ್ಲೆಲ್ಲ ಸುದ್ದಿ. ಅಜ್ಜಿ ಒಂದೇ ಮಾತು ಹೇಳಿದರು: "ಏನಾದರೂ ಉಂಟು ಅಂತ ಬರೆದರೆ ನಾಳೆ ಈ ಮನೆಗೆ ಹೆಣ್ಣು ಯಾರು ಕೊಡ್ತಾರೆ?" ಆ ದಿನ ಮಾವ ಗುಡ್ಡೆಯ ಬುಡದಲ್ಲಿ ನೀರಿಗಾಗಿ ಕೊರೆದಿದ್ದ ಸುರಂಗದ ಬಾಯಲ್ಲಿ ಸಂಜೆಯವರೆಗೆ ಕೂತಿದ್ದ. ಊಟ ತೆಗೆದುಕೊಂಡು ಹೋದವಳು ನಾನೇ. ಕೆಸರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ನನ್ನ ಮುಖ ನೋಡಲಿಲ್ಲ. ಹೋಗು, ಪರೀಕ್ಷೆ ಮಾಡಿಸಿಕೋ ಅಂತ ನಾನೂ ಹೇಳಲಿಲ್ಲ. ಹೇಳಬೇಕಿತ್ತು.

ಮುಂದಿನದು ನಿನಗೆ ಗೊತ್ತು. ಮದುವೆಯಾಗಿ ಹತ್ತು ವರ್ಷ ದಾಟಿತು, ಮಕ್ಕಳಾಗಲಿಲ್ಲ. ಅದಕ್ಕೆ ಆ ವಿಷವೇ ಕಾರಣ ಅಂತ ನಾನು ಹೇಳುವುದಿಲ್ಲ. ಹೇಗೆ ಹೇಳಲಿ? ಅವನನ್ನು ಯಾರೂ ಪರೀಕ್ಷೆ ಮಾಡಿಯೇ ಇಲ್ಲ. ಆಗಲೂ ಇಲ್ಲ, ಈಗಲೂ ಇಲ್ಲ. ಅತ್ತೆಗೆ ಮಾತ್ರ ಸ್ಕ್ಯಾನ್ ಎಷ್ಟು, ಮಾತ್ರೆ ಎಷ್ಟು, ಇಂಜೆಕ್ಷನ್ ಎಷ್ಟು. ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಆಯಿತು, ಆಶ್ಲೇಷ ಬಲಿ ಆಯಿತು. ಸೀಮಂತದ ಮನೆಗಳಿಗೆ ಅವಳು ಹೋಗುವುದನ್ನೇ ಬಿಟ್ಟಳು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನಲ್ಲೂ ಕಾರಣ ಇರುತ್ತದೆ, ಮೊದಲ ಪರೀಕ್ಷೆ ಎಷ್ಟೋ ಸುಲಭದ್ದು ಅಂತ ನೀನೇ ಹೇಳಿದ್ದೆ. ಅಷ್ಟು ಸುಲಭದ್ದನ್ನು ಬಿಟ್ಟು ಅವಳೊಬ್ಬಳನ್ನೇ ಇಷ್ಟು ವರ್ಷ ಚುಚ್ಚಿದೆವಲ್ಲ.

ಕ್ಲಾಸಿನಲ್ಲಿ ಸ್ಯಾಂಪಲ್ ಸಣ್ಣದು ಅಂತ ಹೇಳು, ಅದು ನಿಜವೇ. ಬಾರದವರು ಯಾಕೆ ಬರಲಿಲ್ಲ ಅಂತಲೂ ಹೇಳು. ನಾಳೆ ನೀನೇ ಒಂದು ಅಧ್ಯಯನ ಮಾಡುವಾಗ, ಬಾರದವರ ಮನೆಗೆ ಇನ್ನೊಂದು ಸಲ ಹೋಗು. ಹುಡುಗರ ಹತ್ತಿರ ಮಾತಾಡುವ ಮೊದಲು ಅಜ್ಜಿಯಂದಿರ ಹತ್ತಿರ ಕೂತು ಮಾತಾಡು. ಹೆಸರು ಹೊರಗೆ ಹೋಗುವುದಿಲ್ಲ ಅಂತ ಅವರ ಭಾಷೆಯಲ್ಲಿ ಹೇಳು, ತುಳುವಾದರೆ ತುಳುವಿನಲ್ಲೇ. ನಿನ್ನ ಒಪಿಡಿಗೆ ಹೆಂಡತಿಯನ್ನು ಮುಂದೆ ಬಿಟ್ಟು ಹಿಂದೆ ನಿಂತ ಗಂಡಸು ಬಂದರೆ, ಅವನನ್ನು ಕೂರಿಸಿ ನಿಧಾನಕ್ಕೆ ಕೇಳು. ಬೈಯಬೇಡ. ಅವನಿಗೂ ಹೆದರಿಕೆ ಇರುತ್ತದೆ.

ಮೊನ್ನೆ ಮಾವ ಬಾಳೆಗೊನೆ ಕೊಡಲಿಕ್ಕೆ ಬಂದಿದ್ದ. ಪ್ರಿಂಟ್ ಮೇಜಿನ ಮೇಲೇ ಇತ್ತು. ಇದು ಏನಂತ ಕೇಳಿದ, ಹೇಳಿದೆ. ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ, ಪುಟ್ಟಿ ಊರಿಗೆ ಯಾವಾಗ ಬರ್ತಾಳೆ ಅಂತ ಕೇಳಿದ. ಮುಂದಿನ ತಿಂಗಳು ಅಂತ ಹೇಳಿದ್ದೇನೆ.

ನಿನ್ನ
ಅಮ್ಮ