ಮರಿಯೆಟ್ಟಾ ಬ್ಲೌ ಅವರಿಗೂ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನವೆಂಬರ್ 7 ಬಂತೆಂದರೆ ಪತ್ರಿಕೆಗಳಲ್ಲಿ ಮೇರಿ ಕ್ಯೂರಿ ಫೋಟೊ ಬರುತ್ತದೆ. ಅವರು ಹುಟ್ಟಿದ ದಿನವನ್ನೇ ವೈದ್ಯಕೀಯ ಭೌತವಿಜ್ಞಾನ ದಿನ ಅಂತ ಆಚರಿಸುತ್ತಾರೆ, ಹಾಗಾಗಿ ಬರಲೇಬೇಕು. ಆದರೆ ಈ ಸಲ ಪಕ್ಕದಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಮರಿಯೆಟ್ಟಾ ಬ್ಲೌ ಅವರ ಬಗ್ಗೆಯೂ ಬರೆಯಿರಿ ಅಂತ ಕೇಳಿಕೊಳ್ಳಲು ಈ ಪತ್ರ. ರೇಡಿಯೇಷನ್ ವಿಭಾಗದಲ್ಲಿ ಕೆಲಸ ಮಾಡುವವರಿಗೇ ಈ ಹೆಸರು ಗೊತ್ತಿರುವುದು ಕಡಿಮೆ.

ಬ್ಲೌ ಹುಟ್ಟಿದ್ದು 1894ರಲ್ಲಿ, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. 1919ರಲ್ಲಿ ಗಾಮಾ ಕಿರಣಗಳ ಮೇಲೆ ಪಿಎಚ್.ಡಿ. ಮುಗಿಸಿದರು. ಬರ್ಲಿನ್‌ನಲ್ಲಿ ಎಕ್ಸ್-ರೇ ಟ್ಯೂಬ್ ಮಾಡುವ ಕಂಪನಿಯಲ್ಲಿ ಸ್ವಲ್ಪ ದಿನ ಇದ್ದರು. ಆಮೇಲೆ ಫ್ರಾಂಕ್‌ಫರ್ಟ್‌ಗೆ ಹೋಗಿ ಡಾಕ್ಟರುಗಳಿಗೆ ವಿಕಿರಣದ ಭೌತವಿಜ್ಞಾನ ಕಲಿಸಿದರು. ಆಸ್ಪತ್ರೆಯಲ್ಲಿ ವಿಕಿರಣದ ಅಳತೆ, ಸುರಕ್ಷತೆ ನೋಡಿಕೊಳ್ಳುವ, ಇವತ್ತು ಮೆಡಿಕಲ್ ಫಿಸಿಸಿಸ್ಟ್ ಅಂತ ಕರೆಯುವವರ ಕೆಲಸದಲ್ಲಿ ಇದೂ ಒಂದು ಅಲ್ವಾ? 1923ರಲ್ಲಿ ತಾಯಿಗೆ ಹುಷಾರಿಲ್ಲ ಅಂತ ವಿಯೆನ್ನಾಕ್ಕೆ ವಾಪಸ್ ಬಂದು ಅಲ್ಲಿನ ರೇಡಿಯಂ ಸಂಶೋಧನಾ ಸಂಸ್ಥೆ ಸೇರಿದರು. 1938ರವರೆಗೆ ಅಲ್ಲೇ ದುಡಿದರು, ಸಂಬಳವಿಲ್ಲದೆ. ಮನೆಯವರ ನೆರವಿನಲ್ಲಿ ಜೀವನ. ಖಾಯಂ ಹುದ್ದೆ ಕೇಳಿದಾಗ, ಹೆಂಗಸೂ ಹೌದು ಯಹೂದಿಯೂ ಹೌದು, ಎರಡೂ ಸೇರಿದರೆ ಜಾಸ್ತಿಯಾಯಿತು ಅಂದರಂತೆ.

ಅಂಥ ಸ್ಥಿತಿಯಲ್ಲೂ ಅವರು ಮಾಡಿದ ಕೆಲಸ ನೋಡಿ. ಫೋಟೊ ಪ್ಲೇಟಿನ ಮೇಲೆ ಬೆಳ್ಳಿಯ ಲವಣ ಬೆರೆತ ಲೇಪ ಇರುತ್ತದೆ, ವಿದ್ಯುದಂಶವಿರುವ ಕಣವೊಂದು ಅದರೊಳಗೆ ಹಾದು ಹೋದರೆ, ಪ್ಲೇಟನ್ನು ತೊಳೆದ ಮೇಲೆ ದಾರಿಯುದ್ದಕ್ಕೂ ಕಪ್ಪು ಚುಕ್ಕೆಗಳ ಸಾಲು ಕಾಣುತ್ತದೆ. ಆ ಸಾಲನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಕಣ ಯಾವುದು, ಎಷ್ಟು ಶಕ್ತಿಯದು ಅಂತ ಹೇಳುವ ವಿಧಾನವನ್ನು ಬೆಳೆಸಿದವರು ಬ್ಲೌ. ಸಹ-ಸಂಶೋಧಕಿ ಹೆರ್ತಾ ವಾಂಬಾಖರ್ ಜೊತೆ ಸೇರಿ, ಆಸ್ಟ್ರಿಯಾದ ಇನ್ಸ್‌ಬ್ರೂಕ್ ಹತ್ತಿರದ ಹಾಫೆಲೆಕಾರ್ ಬೆಟ್ಟದ ಮೇಲೆ ಸುಮಾರು 2,300 ಮೀಟರ್ ಎತ್ತರದಲ್ಲಿ ತಿಂಗಳುಗಟ್ಟಲೆ ಪ್ಲೇಟುಗಳನ್ನು ಇಟ್ಟರು. ತೊಳೆದು ನೋಡಿದರೆ ಒಂದೇ ಬಿಂದುವಿನಿಂದ ನಾಲ್ಕೂ ದಿಕ್ಕಿಗೆ ಚೆಲ್ಲಿದ ಗೆರೆಗಳು, ಥೇಟ್ ನಕ್ಷತ್ರ! ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಬಡಿದು ಪರಮಾಣು ಬೀಜ ಚೂರಾದ ಗುರುತು ಅದು. ಇದು 1937ರ ಮಾತು.

ಮರುವರ್ಷ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಬ್ಲೌ ದೇಶ ಬಿಟ್ಟರು, ಮೊದಲು ಓಸ್ಲೊ, ನಂತರ ಐನ್‌ಸ್ಟೈನ್ ಶಿಫಾರಸಿನಿಂದ ಮೆಕ್ಸಿಕೊ. ವಾಂಬಾಖರ್ ನಾಜಿ ಪಕ್ಷದ ಸದಸ್ಯೆ, ಅವರು ವಿಯೆನ್ನಾದಲ್ಲೇ ಉಳಿದು ಅದೇ ಕೆಲಸ ಮುಂದುವರಿಸಿದರು. ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುವ ಭಾಗ ಇದು. ಇಬ್ಬರು ಕೂತು ನೋಡುತ್ತಿದ್ದ ಪ್ಲೇಟುಗಳು ಒಬ್ಬರ ಪಾಲಾದವು, ಇನ್ನೊಬ್ಬರು ಸರಿಯಾದ ಲ್ಯಾಬೇ ಇಲ್ಲದ ಕಡೆ ಪಾಠ ಹೇಳುತ್ತಾ ವರ್ಷಗಳನ್ನು ಕಳೆದರು.

1944ರಲ್ಲಿ ನ್ಯೂಯಾರ್ಕ್‌ಗೆ ಬಂದು ಕಂಪನಿ ಕೆಲಸಕ್ಕೆ ಸೇರಿದರು. ಅಲ್ಲೂ ಸುಮ್ನೆ ಕೂರಲಿಲ್ಲ. ವಿಕಿರಣ ಬಿದ್ದಾಗ ಪರದೆಯ ಮೇಲೆ ಹೊಳೆಯುವ ಮಿಂಚನ್ನು ಫೋಟೊಮಲ್ಟಿಪ್ಲೈಯರ್ ಟ್ಯೂಬಿನಿಂದ (ಮಂದ ಬೆಳಕನ್ನೂ ದೊಡ್ಡ ವಿದ್ಯುತ್ ಸಂಕೇತವಾಗಿಸುವ ನಳಿಗೆಯಿಂದ) ಅಳೆಯುವ ಬಗ್ಗೆ 1945ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಬಂಧ ಬರೆದರು. ಇವತ್ತು ರೋಗಿಯ ಥೈರಾಯ್ಡ್, ಮೂಳೆ ಸ್ಕ್ಯಾನ್ ಮಾಡುವ ಗಾಮಾ ಕ್ಯಾಮೆರಾದೊಳಗೆ ಹರಳಿನ ಮಿಂಚನ್ನು ಹಿಡಿಯುವುದೂ ಇಂಥದೇ ಟ್ಯೂಬು. ಆಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, ಬ್ರೂಕ್‌ಹೇವನ್ ಪ್ರಯೋಗಾಲಯ, ಮಯಾಮಿ ವಿಶ್ವವಿದ್ಯಾಲಯಗಳಲ್ಲಿ ಕೆಲಸ ಮಾಡಿದರು.

1950ರ ನೊಬೆಲ್ ಫೋಟೊ ಪ್ಲೇಟ್ ವಿಧಾನಕ್ಕೇ ಬಂತು, ಆದರೆ ಬ್ರಿಟನ್ನಿನ ಭೌತವಿಜ್ಞಾನಿ ಸೆಸಿಲ್ ಪೊವೆಲ್ ಒಬ್ಬರಿಗೆ. ಬ್ಲೌ, ವಾಂಬಾಖರ್ ಹೆಸರುಗಳನ್ನು ಭೌತವಿಜ್ಞಾನಿ ಶ್ರೋಡಿಂಗರ್ ಸೂಚಿಸಿದ್ದರು. ಬ್ಲೌ ಬಗ್ಗೆ ಯಾರಾದರೂ ಬರೆದರೆ ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತಾರೆ, ನೊಬೆಲ್ ತಪ್ಪಿದವರು ಅಂತ. ನನಗೆ ಅದಕ್ಕಿಂತ ದೊಡ್ಡ ಅನ್ಯಾಯ ಕಾಣುವುದು ಸಂಬಳದ ವಿಷಯದಲ್ಲಿ. 1960ರಲ್ಲಿ ವಿಯೆನ್ನಾಕ್ಕೆ ಮರಳಿದ ಮೇಲೂ ಅದೇ ಸಂಸ್ಥೆಯಲ್ಲಿ 1964ರವರೆಗೆ ಮತ್ತೆ ಸಂಬಳವಿಲ್ಲದೆ ದುಡಿದರು, ಕಿರಿಯರಿಗೆ ಕಲಿಸಿದರು. 1970ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಬರೆಯುವಾಗ ತಪ್ಪಿದ ಬಹುಮಾನಕ್ಕೆ ಒಂದು ಸಾಲು ಸಾಕು, ಉಳಿದ ಜಾಗದಲ್ಲಿ ಆ ಪ್ಲೇಟುಗಳ ಚಿತ್ರ ಹಾಕಿ, ಆ ನಕ್ಷತ್ರದ ಗೆರೆಗಳನ್ನು ಮಕ್ಕಳು ನೋಡಲಿ. ಲೇಖನವನ್ನು ಯಾವುದಾದರೂ ಆಸ್ಪತ್ರೆಯ ಮೆಡಿಕಲ್ ಫಿಸಿಸಿಸ್ಟ್ ಹತ್ತಿರವೇ ಬರೆಸಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು